ಹಳೇ ಅರಿವೆ ಯಾರ ಕೈಗೆ ಹೋಗ್ತಿತ್ತು?

ಯುಗಾದಿ, ದೀಪಾವಳಿ ಹತ್ರ ಬಂತು ಅಂದ್ರೆ ನಮ್ಮೆಲ್ಲರ ಮನೇಲೂ ಬೀರು ಖಾಲಿ ಮಾಡೋ ಕೆಲಸ ಶುರು. ಖಾಲಿ ಮಾಡೋದು ಸುಲಭ, ತೆಗೆದ ಗಂಟನ್ನ ಏನು ಮಾಡೋದು ಅನ್ನೋದೇ ಕಷ್ಟ. ನೆಲ ಒರೆಸೋಣ ಅಂದ್ರೆ ನೀರು ಹೀರಲ್ಲ. ಹಿತ್ತಲಲ್ಲಿ ಸುಡೋಣ ಅಂದ್ರೆ ಹೊಗೆ ಮೂಗಿಗೆ ಬಡಿಯುತ್ತೆ. ಮನೆಗೆಲಸಕ್ಕೆ ಬರೋರನ್ನ ಕೇಳಿದ್ರೆ ‘ನಮ್ಮನೇಲೂ ಇಡಕ್ಕೆ ಜಾಗ ಇಲ್ಲ ಕಣಕ್ಕ’ ಅಂತಾರೆ. ಕೊನೆಗೆ ಗಂಟು ಅಟ್ಟ ಸೇರುತ್ತೆ, ಮುಂದಿನ ಹಬ್ಬಕ್ಕೆ ಅದರ ಪಕ್ಕ ಇನ್ನೊಂದು ಗಂಟು.

ಈಗ ಪೇಪರು, ಟಿವಿ ಎಲ್ಲಾ ಕಡೆ ‘ಸರ್ಕ್ಯುಲರ್ ಫ್ಯಾಷನ್’ ಅನ್ನೋ ಮಾತು ಓಡಾಡ್ತಿದೆ. ಬಟ್ಟೆ ಉಟ್ಟು, ಹರಿದು, ಕಸದ ಗುಂಡಿಗೆ ಹೋಗಿ ಮುಗಿಯಬಾರದು, ಇನ್ನೊಂದು ರೂಪದಲ್ಲಿ ಸುತ್ತಿ ಸುತ್ತಿ ಬಳಕೆಗೆ ಬರ್ತಾ ಇರಬೇಕು ಅನ್ನೋದು ಅದರ ಅರ್ಥ. ಅದನ್ನ ಓದಿದ ಕೂಡ್ಲೇ ನಮ್ಮ ಬಾಯಲ್ಲಿ ಬರೋ ಮಾತು ಒಂದೇ: ‘ಅಯ್ಯೋ, ಇದರಲ್ಲೇನು ಹೊಸದು, ನಮ್ಮಜ್ಜೀರು ಮಾಡ್ತಿದ್ದದ್ದೇ ಅಲ್ವಾ?’ ಆ ಮಾತು ಅರ್ಧ ನಿಜ. ಇನ್ನರ್ಧ ನಾವು ಹೇಳಿಕೊಳ್ಳೋದೇ ಇಲ್ಲ. ಎರಡನ್ನೂ ಒಟ್ಟಿಗೆ ಹೇಳೋಣ ಅಂತ ಕೂತಿದೀನಿ.

ನನ್ನ ತವರು ಅಜ್ಜಂಪುರದ ಕಡೆ, ಕೊಟ್ಟಿದ್ದು ಕಡೂರಿನ ಕಡೆಗೆ, ಅಕ್ಕನ ಮನೆ ತರೀಕೆರೆ. ಮೂರೂ ಊರು ಒಂದೊಂದು ಗಳಿಗೆ ದಾರಿ ಆದ್ರೂ ಮಣ್ಣು ಬೇರೆ ಬೇರೆ. ಅಜ್ಜಂಪುರದ್ದು ಎರೆಮಣ್ಣು, ಹತ್ತಿಗೆ ಹೇಳಿ ಮಾಡಿಸಿದ್ದು. ಕಡೂರು ಬಯಲು, ರಾಗಿ, ತೆಂಗು, ಕುರಿ ಹಿಂಡು. ತರೀಕೆರೆ ದಾಟಿದ್ರೆ ಮಲೆನಾಡಿನ ಬಾಗಿಲು, ಅಡಿಕೆ ತೋಟ. ಆದ್ರೆ ಮೂರೂ ಕಡೆ ಬಟ್ಟೆಗೆ ಹಳಬರು ಅಂತಿದ್ದದ್ದು ‘ಅರಿವೆ’ ಅಂತ, ಮತ್ತೆ ಮೂರೂ ಕಡೆ ಅರಿವೆಯ ಆಯಸ್ಸು ಒಂದೇ ಥರ ಸಾಗ್ತಿತ್ತು.

ನೂಲಿನ ಸೀರೆಯ ಲೆಕ್ಕ ಹಿಡೀರಿ. ಹೊಸದ್ರಲ್ಲಿ ಹಬ್ಬಕ್ಕೆ, ಮದುವೆ ಮನೆಗೆ. ಬಣ್ಣ ಸ್ವಲ್ಪ ಮಾಸಿದ ಮೇಲೆ ಮನೇಲಿ ಉಡೋಕೆ. ಇನ್ನೂ ಮಾಸಿದ್ರೆ ಹೊಲಕ್ಕೆ, ತರೀಕೆರೆ ಕಡೆಯಾದ್ರೆ ಅಡಿಕೆ ಸುಲಿಯೋಕೆ. ಅಡಿಕೆ ಚೊಗರಿನ ಕರೆ ಒಂದ್ಸಲ ಹತ್ತಿದ್ರೆ ಜನ್ಮಕ್ಕೆ ಹೋಗಲ್ಲ, ಹಾಗಾಗಿ ಒಳ್ಳೇ ಸೀರೆ ಉಟ್ಟು ಸುಲಿಯೋಕೆ ಯಾರೂ ಕೂರಲ್ಲ. ಒಂದು ಕಡೆ ಜೀರ್ಣವಾದ್ರೆ ಆ ಭಾಗ ಕತ್ತರಿಸಿ ತೆಗೆದು, ಎರಡು ಸೀರೆಯ ಗಟ್ಟಿ ತುಂಡು ಜೋಡಿಸಿ ಹೊಲ್ದು ಮತ್ತೆರಡು ವರ್ಷ ಉಡೋರು. ಅದೂ ಆಗಲಿಲ್ಲ ಅಂದ್ರೆ ಹುಡುಗೀರಿಗೆ ಲಂಗ, ಕೂಸಿಗೆ ಜೋಲಿ. ಕೂಸಿನ ಕೆಳಗೆ ಹಾಸೋಕೆ ಹಳೇ ನೂಲಿನ ಬಟ್ಟೆಯಷ್ಟು ಮೆತ್ತಗಿನದು ಅಂಗಡೀಲಿ ಸಿಗಲ್ಲ, ಹೊಸ ಬಟ್ಟೆಯ ಗಂಜಿ ಕೂಸಿನ ಮೈ ಕೆರೆಯುತ್ತೆ. ಬಾಣಂತಿ ಕಿವಿಗೆ, ಸೊಂಟಕ್ಕೆ ಕಟ್ಟೋಕೂ ಹಳೇದೇ. ಗಂಡಸರ ಪಂಚೆ ಹರಿದ್ರೆ ಅದರ ಮೇಲೆ ಬೇಸಿಗೇಲಿ ಸಂಡಿಗೆ ಇಡೋರು. ಒಣಗಿದ ಮೇಲೆ ಬಟ್ಟೆ ಮಗುಚಿ, ಹಿಂದುಗಡೆಗೆ ನೀರು ಚಿಮುಕಿಸಿದ್ರೆ ಸಂಡಿಗೆ ತಾನೇ ಬಿಡ್ತಿತ್ತು. ಕೊಡ ಹೊರೋಕೆ ಸಿಂಬೆ, ಒಲೆ ಮೇಲಿನ ಪಾತ್ರೆ ಇಳಿಸೋಕೆ ಮಸಿ ಅರಿವೆ, ಬುತ್ತಿ ಕಟ್ಟೋಕೆ ಚೌಕ, ದೇವರ ಮುಂದಲ್ಲದ ಬುಡ್ಡಿ ದೀಪಕ್ಕೆ ಬತ್ತಿ, ಗಾಡಿ ಅಚ್ಚಿಗೆ ಕೀಲೆಣ್ಣೆ ಸವರೋಕೆ ಚಿಂದಿ. ಕಡೇಗೆ ತಿಪ್ಪೆ. ತಿಪ್ಪೇಲಿ ಸಗಣಿ ಜೊತೆ ಕೊಳೆತು ಗೊಬ್ಬರ. ಆ ಗೊಬ್ಬರ ಬೇಸಾಯಕ್ಕೆ ಮುಂಚೆ ಎರೆ ಹೊಲಕ್ಕೆ. ಹತ್ತಿ ಎಲ್ಲಿಂದ ಬಂದಿತ್ತೋ ಅಲ್ಲಿಗೇ ವಾಪಸ್ಸು.

ಈ ಸರಪಳಿ ನಮ್ಮೂರಿನ ಜಾಣತನ ಮಾತ್ರ ಅಂದ್ಕೋಬೇಡಿ, ಬಲು ಹಳೇದು. ಬೌದ್ಧರ ವಿನಯ ಪಿಟಕದಲ್ಲಿ ಒಂದು ಕತೆ ಇದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದ ಹೆಂಗಸರು ಬುದ್ಧನ ಶಿಷ್ಯ ಆನಂದನಿಗೆ 500 ಬಟ್ಟೆ ದಾನ ಮಾಡ್ತಾರೆ. ರಾಜನಿಗೆ ಅನುಮಾನ, ಸನ್ಯಾಸಿಗೆ ಇಷ್ಟೊಂದು ಬಟ್ಟೆ ಯಾಕೆ, ಅಂಗಡಿ ಇಡ್ತಾನಾ ಅಂತ. ಹೋಗಿ ಕೇಳ್ತಾನೆ. ಚೀವರ ಹರಿದ ಭಿಕ್ಷುಗಳಿಗೆ ಹಂಚ್ತೀವಿ ಅಂತಾನೆ ಆನಂದ. ಹಾಗಾದ್ರೆ ಹರಿದ ಚೀವರ ಏನು ಮಾಡ್ತೀರಿ? ಹೊದಿಕೆ ಮಾಡ್ಕೋತೀವಿ. ಹಳೇ ಹೊದಿಕೆ? ಹಾಸಿಗೆಗೆ ಕವಚ. ಆ ಹಳೇ ಕವಚ? ನೆಲಕ್ಕೆ ಹಾಸು. ಹಳೇ ಹಾಸು? ಕಾಲೊರೆಸು. ಅದೂ ಹಳೇದಾದ್ರೆ? ಧೂಳು ಹೊಡೆಯೋ ಬಟ್ಟೆ. ಅದೂ ಚಿಂದಿಯಾದ್ರೆ? ಕುಟ್ಟಿ ಮಣ್ಣಿಗೆ ಕಲಸಿ ನೆಲ ಮೆತ್ತುತೀವಿ. ಅಷ್ಟು ಕೇಳಿದ್ದೇ ರಾಜ ಸಂತೋಷಪಟ್ಟು ಇನ್ನೂ 500 ಬಟ್ಟೆ ಕೊಟ್ಟನಂತೆ. ನಮ್ಮ ಅಜ್ಜಿ ಈ ಕತೆ ಕೇಳಿರಲಿಲ್ಲ. ಆದ್ರೂ ಆ ರಾಜ ಬಂದು ಅವಳನ್ನ ಕೇಳಿದ್ರೆ ಇದೇ ಉತ್ತರ ಸಿಗ್ತಿತ್ತು.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ಹೇಳ್ತೀನಿ. ತಾಲ್ಲೂಕಾಫೀಸಿಗೆ ಹೋದ್ರೆ ‘ನಿಮ್ಮ ಕಡತ ಮೇಲೆ ಹೋಗಿದೆ’ ಅಂತಾರಲ್ಲ, ಆ ‘ಕಡತ’ ಅನ್ನೋದು ಮೊದಲು ಬಟ್ಟೆ. ಕಾಗದ ಬಳಕೆಗೆ ಬರೋಕೆ ಮುಂಚೆ ಶಾನುಭೋಗರು, ಅಂಗಡಿ ಶೆಟ್ರು, ಮಠದೋರು ಲೆಕ್ಕ ಬರೀತಿದ್ದದ್ದು ಅದರ ಮೇಲೆ. ಉದ್ದ ಬಟ್ಟೆಗೆ ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಪಟ್ಟಿ ಪಟ್ಟಿ ಮಡಿಸಿದ್ರೆ ಕಪ್ಪು ಹಲಗೆಯ ಪುಸ್ತಕ. ಬಳಪದಲ್ಲಿ ಬರೆಯೋದು. ಬೇಡವಾದ್ರೆ ಅಳಿಸಿ, ಮತ್ತೆ ಮಸಿ ಬಳಿದು ಅದೇ ಬಟ್ಟೆ ಮೇಲೆ ಹೊಸ ಲೆಕ್ಕ. ಶೃಂಗೇರಿ ಮಠದ ಹಳೇ ಕಡತಗಳು ಇವತ್ತಿಗೂ ಇತಿಹಾಸ ಬರೆಯೋರಿಗೆ ದೊಡ್ಡ ಆಧಾರ. ಬಟ್ಟೆ ಹೋಯ್ತು, ಹೆಸರು ಮಾತ್ರ ಆಫೀಸಿನ ಫೈಲಿಗೆ ಅಂಟಿಕೊಂಡು ಉಳೀತು.

ಹುಣಸೆ ಬೀಜದ ಸರಿ ಅಂದೆ, ಅದು ಕಂಬಳಿಗೂ ಬೇಕು. ಕಡೂರಿಂದ ಚಿತ್ರದುರ್ಗ, ಚಳ್ಳಕೆರೆವರೆಗೆ ಕುರುಬರ ಮನೆ ಮಗ್ಗದಲ್ಲಿ ನೇಯ್ತಿದ್ದ ಕರಿ ಕಂಬಳಿಗೆ ಅದೇ ಸರಿ ಕುಡಿಸಿ ಗಟ್ಟಿ ಮಾಡೋದು. ಉಣ್ಣೆ ಕತ್ತರಿಸೋರು ಗಂಡಸರು, ನೂಲೋರು ಹೆಂಗಸರು. ಮಳೆಗಾಲದಲ್ಲಿ ಕಂಬಳಿಯನ್ನ ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೊಂಡ್ರೆ ನೀರು ಒಳಗಿಳಿಯಲ್ಲ. ಹಳೇದಾದ್ರೆ ಕಾಳು ಒಣಗಿಸೋಕೆ, ಹಸು ಕರು ಹಾಕಿದ್ರೆ ಕರುವಿಗೆ ಹೊದಿಸೋಕೆ. ಅದೂ ಕಡೇಗೆ ತಿಪ್ಪೆಗೇ.

ಇನ್ನು ಕೌದಿ. ಕೆಲವರ ಮನೇಲಿ ಬೊಂತೆ ಅಂತೀರಿ, ಎರಡೂ ಒಂದೇ. ಕಟಾವು ಮುಗಿದು ಬೇಸಿಗೆ ಶುರುವಾದಾಗ ಜಗುಲಿ ಮೇಲೆ ಹಳೇ ಸೀರೆ ಹಾಸಿ, ಅದರ ಮೇಲೆ ಹರಿದ ಪಂಚೆ, ಅಂಗಿ, ಲಂಗ ಬಿಚ್ಚಿ ಪದರ ಪದರವಾಗಿ ಹರಡಿ, ಮೇಲೊಂದು ಗಟ್ಟಿ ಸೀರೆ ಮುಚ್ಚಿ, ಅಂಚಿಂದ ಒಳಕ್ಕೆ ಸಾಲು ಹೊಲಿಗೆ ಹಾಕ್ತಾ ಬರೋದು. ಇಬ್ಬರು ಮೂವರು ಎದುರು ಬದುರು ಕೂತ್ರೆ ಬೇಗ ಸಾಗುತ್ತೆ. ಪದರದ ನಡುವೆ ಗಾಳಿ ನಿಲ್ಲೋದ್ರಿಂದ ಚಳೀಲಿ ಬೆಚ್ಚಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರ ಕೌದಿಗೆ ಈಗ ಹೊರದೇಶದ ಮ್ಯೂಸಿಯಂವರೆಗೂ ಹೆಸರು. ಅವರು ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನ ಇಟ್ಟು ಹೊಲೀತಾರೆ, ಅದಕ್ಕೆ ‘ಫೂಲ’ ಅಂತ ಹೆಸರು, ಅಂದ್ರೆ ಹೂವು. ಹೂ ಇಡದೆ ಕೌದಿ ಮುಗಿಸಿದ್ರೆ ಅದು ಬೆತ್ತಲೆ ಇದ್ದ ಹಾಗೆ ಅಂತ ಅವರ ಮಾತು. ನಮ್ಮ ಕಡೆ ಅಷ್ಟು ಅಂದ ಚಂದ ನೋಡ್ತಿರಲಿಲ್ಲ, ಆದ್ರೂ ಮೇಲಿನ ಸೀರೆ ಆರಿಸುವಾಗ ಅಂಚು ಎಲ್ಲಿಗೆ ಬರ್ಬೇಕು ಅಂತ ಒಂದು ಗಂಟೆ ಚರ್ಚೆ ನಡೀತಿತ್ತು.

ಇಲ್ಲಿವರೆಗೆ ಹೇಳಿದ್ದು ನಾವೆಲ್ಲ ಇಷ್ಟಪಟ್ಟು ಹೇಳೋ ಅರ್ಧ.

ಬಟ್ಟೆಯನ್ನ ಅಷ್ಟು ಜೋಪಾನ ಮಾಡ್ತಿದ್ದದ್ದು ಯಾಕೆ? ಬಟ್ಟೆ ದುಬಾರಿ, ಅದಕ್ಕೆ. ಒಂದು ಮಗ್ಗಕ್ಕೆ ನೂಲು ಒದಗಿಸಬೇಕು ಅಂದ್ರೆ ಹಲವು ಮನೇಲಿ ರಾಟೆ ತಿರುಗಬೇಕಿತ್ತು, ರಾಟೆ ಮುಂದೆ ಕೂರ್ತಿದ್ದದ್ದು ಹೆಂಗಸರೇ. 1947ರವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತ್ಲೇ ಹೆಸರು. ಆ ಕಡೂರು ಜಿಲ್ಲೆಗೆ 19ನೇ ಶತಮಾನದ ಕೊನೆ ಹೊತ್ತಿಗೆ ರೈಲು ಬಂತು. ಬೀರೂರಿಂದ ಒಂದು ದಾರಿ ಅಜ್ಜಂಪುರ ಹಾದು ಹರಿಹರದ ಕಡೆಗೆ, ಇನ್ನೊಂದು ತರೀಕೆರೆ ಹಾದು ಶಿವಮೊಗ್ಗಕ್ಕೆ. ರೈಲಲ್ಲಿ ನಮ್ಮ ಹತ್ತಿ ಹೋಗೋದು, ಮಿಲ್ಲಿನ ಬಟ್ಟೆ ಬರೋದು. ಮಿಲ್ ಬಟ್ಟೆ ಅಗ್ಗ ಆದ್ರೂ ಕೂಲಿ ಮನೆಗೆ ವರ್ಷಕ್ಕೆ ಒಂದೋ ಎರಡೋ ಸೀರೆ ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಬಟ್ಟೆ ಸಿಗೋದೇ ಕಷ್ಟವಾಗಿ 1943ರಲ್ಲಿ ಬ್ರಿಟಿಷ್ ಸರ್ಕಾರ ಬಟ್ಟೆ, ನೂಲು ಎರಡರ ಮೇಲೂ ಕಂಟ್ರೋಲ್ ತಂತು. ಆ ಕಾಲ ಕಂಡ ಹಿರಿಯರು ಸಾಯೋವರೆಗೂ ದಾರದ ತುಂಡು ಕೂಡ ಬಿಸಾಕ್ತಿರಲಿಲ್ಲ. ಅದನ್ನ ನಾವು ಪರಿಸರ ಪ್ರೇಮ ಅಂದ್ರೆ ಅವರಿಗೇ ನಗು ಬರುತ್ತೆ. ಅದು ಬಡತನ ಕಲಿಸಿದ ಅಭ್ಯಾಸ.

ಎರಡನೇ ಮಾತು ಇನ್ನೂ ಕಷ್ಟದ್ದು. ಸೀರೆ ಒಂದೇ ಮನೇಲಿ ಸುತ್ತುತಿರಲಿಲ್ಲ. ಮೇಲಿನ ಮನೆಯಿಂದ ಕೆಳಗಿನ ಮನೆಗೆ ಇಳೀತಿತ್ತು, ವಾಪಸ್ಸು ಹತ್ತಿದ್ದನ್ನ ಯಾರೂ ಕಂಡಿಲ್ಲ. ಕಸಮುಸುರೆ ಮಾಡೋರಿಗೆ, ಕೊಟ್ಟಿಗೆ ಬಳಿಯೋರಿಗೆ ಹಬ್ಬಕ್ಕೊಂದು ಹಳೇ ಸೀರೆ ಕೊಡೋದು ಕೂಲಿಯ ಲೆಕ್ಕಕ್ಕೇ ಸೇರ್ತಿತ್ತು. ಅದನ್ನ ಕೈಗೆ ಕೊಡ್ತಿದ್ರಾ, ಮೇಲಿಂದ ಹಾಕ್ತಿದ್ರಾ ಅಂತ ಮನೇಲಿ ಹಿರಿಯರನ್ನ ಕೇಳಿ ನೋಡಿ. ಹುಡುಗಿ ಮೈನೆರೆದಾಗ ಉಟ್ಟಿದ್ದ ಸೀರೆ ಅಗಸಗಿತ್ತಿಗೆ. ಸೂತಕದ ಬಟ್ಟೆ, ಹೆರಿಗೆ ಬಟ್ಟೆ ಮುಟ್ಟೋ ಕೆಲಸವೂ ಅವಳದ್ದೇ. ಮೈಲಿಗೆ ಅಂತ ನಾವು ಮುಟ್ಟದೆ ಇದ್ದದ್ದನ್ನ ಇನ್ನೊಬ್ಬಳು ಮುಟ್ಟಬೇಕು, ಆಮೇಲೆ ಉಡಲೂಬೇಕು. ಇದು ನಮ್ಮೂರ ಪದ್ಧತಿ ಮಾತ್ರ ಅಲ್ಲ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲೇ, ಸೇವೆ ಮಾಡೋ ಶೂದ್ರನಿಗೆ ಉಂಡು ಉಳಿದ ಅನ್ನ, ಉಟ್ಟು ಹಳೇದಾದ ಬಟ್ಟೆ ಕೊಡೋದು, ಚಂಡಾಲರು ಹೆಣದ ಮೇಲಿನ ಬಟ್ಟೆ ಉಡೋದು ಅಂತ ವಿಧಿ ಮಾಡಿದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅಂಬೇಡ್ಕರ್ ಮುಂದಾಳ್ತನದಲ್ಲಿ ಜನ ಆ ಪುಸ್ತಕ ಸುಟ್ಟದ್ದಕ್ಕೆ ಇರೋ ಕಾರಣಗಳಲ್ಲಿ, ಉಡೋ ಬಟ್ಟೆಯಲ್ಲೂ ಮೇಲು ಕೀಳು ಬರೆದಿಟ್ಟಿದ್ದ ಇಂಥ ಸಾಲುಗಳೂ ಸೇರಿವೆ.

ಅದಕ್ಕೆ ಆರು ವರ್ಷ ಮುಂಚೆ, 1921ರ ಜುಲೈ 31ರಂದು, ಬೊಂಬಾಯಿಯ ಪರೇಲಿನಲ್ಲಿ ಗಾಂಧೀಜಿ ವಿದೇಶಿ ಬಟ್ಟೆಗೆ ಬೆಂಕಿ ಹಾಕಿಸಿದ್ರು. ಇಷ್ಟು ಬಟ್ಟೆ ಸುಡೋ ಬದಲು ಉಡೋಕಿಲ್ಲದೋರಿಗೆ ಕೊಡಬಾರದಾ ಅಂತ ಆಗಲೂ ಕೇಳಿದ್ರು. ರವೀಂದ್ರನಾಥ ಟ್ಯಾಗೋರರೂ ಸುಡೋದನ್ನ ಒಪ್ಪಲಿಲ್ಲ. ಗಾಂಧಿಯವರ ಉತ್ತರದ ಸಾರ ಇಷ್ಟು: ನಮಗೆ ಉಡೋಕೆ ನಾಚಿಕೆ ಅನ್ನಿಸಿದ್ದನ್ನ ಬಡವರಿಗೆ ಕೊಡೋದಾ, ಅವರಿಗೂ ಮಾನ ಮರ್ಯಾದೆ ಇಲ್ವಾ? ಸುಟ್ಟದ್ದು ಸರಿಯೋ ತಪ್ಪೋ, ಆ ವಾದ ಇವತ್ತಿಗೂ ಮುಗಿದಿಲ್ಲ. ಆದ್ರೆ ಆ ಪ್ರಶ್ನೆ ಮಾತ್ರ ಹಳೇ ಬಟ್ಟೆ ಗಂಟು ಕಟ್ಟೋ ಪ್ರತಿಯೊಬ್ಬರೂ ಕೇಳ್ಕೋಬೇಕಾದ್ದು.

ಹಾಗಾಗಿ ನನ್ನ ಲೆಕ್ಕದಲ್ಲಿ, ಕೆಲಸಕ್ಕೆ ಬರೋರು ‘ಬೇಡ ಕಣಕ್ಕ’ ಅಂತಾರಲ್ಲ, ಅದು ದೂರೋ ವಿಷಯ ಅಲ್ಲ, ಸಂತೋಷ ಪಡೋ ವಿಷಯ. ಹಿಂದೆ ಸೀರೆ ಸುತ್ತುತ್ತಿದ್ದದ್ದು ‘ಬೇಡ’ ಅನ್ನೋಕೆ ಆಗದೋರು ಇದ್ದದ್ದರಿಂದ. ಈಗ ಅವರ ಮಕ್ಕಳು ಕಡೂರು ಸಂತೇಲಿ, ತರೀಕೆರೆ ಅಂಗಡೀಲಿ ತಮ್ಮ ದುಡ್ಡಲ್ಲಿ ತಮಗೆ ಬೇಕಾದ ಬಣ್ಣ ಆರಿಸಿಕೊಳ್ತಾರೆ. ಮೇಲಿಂದ ಇಳಿಯೋ ದಾರಿ ಮುಚ್ಚಿತು. ಇನ್ನು ಬಟ್ಟೆಗೆ ಬೇರೆ ದಾರಿ ಹುಡುಕೋ ಜವಾಬ್ದಾರಿ ಕೊಂಡೋರದ್ದೇ, ಅಂದ್ರೆ ನಮ್ಮದೇ.

ಆದ್ರೆ ದಾರಿ ಹುಡುಕೋಕೆ ಹೊರಟ್ರೆ ಬಟ್ಟೆಯೇ ಬದಲಾಗಿದೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಅನ್ನೋ ಇಬ್ಬರು ರಸಾಯನ ವಿಜ್ಞಾನಿಗಳು ಕಂಡುಹಿಡಿದ ನಾರು ಟೆರಿಲಿನ್. ಪಾಲಿಯೆಸ್ಟರ್ ಜಾತಿಯದ್ದು, ಮೂಲ ಪೆಟ್ರೋಲಿಯಂ. ಟೆರಿಲಿನ್ ಷರಟು, ನೈಲೆಕ್ಸ್ ಸೀರೆ ಬಂದಾಗ ನಮ್ಮ ಅಮ್ಮಂದಿರು ಕುಣಿದಾಡಿದ್ರು, ಅದರಲ್ಲಿ ತಪ್ಪೇನಿಲ್ಲ. ಒಗೆದು ಕೊಡವಿದ್ರೆ ಒಣಗೋದು, ಇಸ್ತ್ರಿ ಬೇಡ, ಬಣ್ಣ ಬಿಡಲ್ಲ, ಹರಿಯಲ್ಲ. ಹಂಡೆಯಲ್ಲಿ ನೂಲಿನ ಸೀರೆ ಬೇಯಿಸಿ, ಕಲ್ಲಿಗೆ ಕುಕ್ಕಿ ಕೈ ಸೋತೋರಿಗೆ ಅದು ಬಿಡುಗಡೆ. ಬಟ್ಟೆ ಹೆಚ್ಚು ಬಾಳಿದ್ರೆ ಒಳ್ಳೇದೇ ತಾನೇ ಅನ್ನಿಸುತ್ತೆ. ತೊಡಕು ಬರೋದು ಉಡೋ ಕಾಲ ಮುಗಿದ ಮೇಲೆ.

ಮೇಲೆ ಹೇಳಿದ ಪಟ್ಟಿಯನ್ನೇ ಒಂದು ಪಾಲಿಯೆಸ್ಟರ್ ಸೀರೆ ಇಟ್ಕೊಂಡು ಓದಿ. ಕೂಸಿಗೆ ಹಾಸಿದ್ರೆ ಒದ್ದೆ ಹೀರಲ್ಲ. ಮಸಿ ಅರಿವೆ ಮಾಡಿದ್ರೆ ಬಿಸಿಗೆ ಕರಗಿ ಕೈಗೆ ಅಂಟುತ್ತೆ, ಬೊಬ್ಬೆ ಬರುತ್ತೆ. ಬತ್ತಿ ಹೊಸೆದ್ರೆ ಎಣ್ಣೆ ಮೇಲೆಳೆಯಲ್ಲ. ತಿಪ್ಪೆಗೆ ಹಾಕಿದ್ರೆ ಗೊಬ್ಬರ ಎಲ್ಲಾ ಕೊಳೆತ ಮೇಲೂ ಅದು ಹಾಗೇ ಇರುತ್ತೆ, ನೇಗಿಲಿಗೋ ಟ್ರ್ಯಾಕ್ಟರ್ ಕುಂಟೆಗೋ ಸಿಕ್ಕಿಕೊಂಡು ಬರುತ್ತೆ. ನಮ್ಮ ಸರಪಳಿಯ ಒಂದೊಂದು ಕೊಂಡಿಯೂ ನೂಲು ನೀರು ಹೀರುತ್ತೆ, ಸುಟ್ರೆ ಬೂದಿಯಾಗುತ್ತೆ, ಮಣ್ಣಲ್ಲಿ ಕೊಳೆಯುತ್ತೆ ಅನ್ನೋದರ ಮೇಲೆ ನಿಂತಿತ್ತು. ಬಟ್ಟೆ ಯಾವುದು ಅಂತ ಅನುಮಾನ ಇದ್ರೆ ಅಂಚಿನ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ. ರೇಷ್ಮೆ, ಉಣ್ಣೆಯಾದ್ರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದ್ರೆ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತೆ. ಈಗಿನ ಹೆಚ್ಚಿನ ಬಟ್ಟೆ ಎರಡೂ ಬೆರೆಸಿದ್ದು, ಜೊತೆಗೆ ಲೆಗ್ಗಿಂಗ್ಸ್‌ನಲ್ಲಿ ಹಿಗ್ಗೋ ಎಳೆ ಬೇರೆ. ಬೆರೆತ ನಾರನ್ನ ಬೇರೆ ಮಾಡೋದು ಕಾರ್ಖಾನೆಗೂ ಕಷ್ಟ.

ನಡುವೆ ಒಂದಷ್ಟು ವರ್ಷ ಪಾತ್ರೆಯವರು ಸರಪಳಿ ಹಿಡ್ಕೊಂಡಿದ್ರು. ‘ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ’ ಅಂತ ಬುಟ್ಟಿ ಹೊತ್ತು ಬರೋರು, ಎರಡು ಪ್ಯಾಂಟು ಒಂದು ಸೀರೆಗೆ ಒಂದು ಡಬರಿ ಅಂತ ಬಾಗಿಲಲ್ಲಿ ಅರ್ಧ ದಿನ ಚೌಕಾಸಿ. ನಾವು ಗೆದ್ವಿ ಅಂದ್ಕೊಂಡು ಒಳಗೆ ಬರ್ತಿದ್ವಿ. ಅವರು ಆ ಬಟ್ಟೆ ಒಗೆದು, ಹೊಲ್ದು, ಗುಂಡಿ ಹಚ್ಚಿ ಪೇಟೇಲಿ ಮಾರಿ ಬದುಕ್ತಿದ್ರು. ಗುಜರಾತಿನ ವಾಘ್ರಿ ಹೆಂಗಸರು ಅಹಮದಾಬಾದಿನಲ್ಲೂ ದಿಲ್ಲಿಯಲ್ಲೂ ಇದನ್ನೇ ಕಸುಬು ಮಾಡಿಕೊಂಡೋರು. ಇನ್ನು ಕೆಲವರು ಹಳೇ ಜರಿ ಸೀರೆ ಮಾತ್ರ ಕೇಳ್ಕೊಂಡು ಬರೋರು. ಅಸಲಿ ಜರಿ ಅಂದ್ರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟಿದ್ದು, ಸುಟ್ಟು ಕರಗಿಸಿದ್ರೆ ಬೆಳ್ಳಿ ಬರುತ್ತೆ. ಪಾತ್ರೆಯವರು ಈಗ ಅಪರೂಪ. ಸಂತೇಲಿ ಹೊಸ ನೈಟಿಯೇ ಅಷ್ಟು ಅಗ್ಗಕ್ಕೆ ಸಿಗುವಾಗ ಹಳೇದನ್ನ ಕೊಳ್ಳೋರು ಯಾರು?

ಹಾಗಾದ್ರೆ ಈಗ ಹಳೇ ಬಟ್ಟೆ ಹೋಗೋದು ಎಲ್ಲಿಗೆ? ದೊಡ್ಡ ದಾರಿ ಒಂದು ಹರಿಯಾಣದ ಪಾಣಿಪತ್ತಿಗೆ. ಯುದ್ಧ ನಡೆದ ಅದೇ ಪಾಣಿಪತ್, ಈಗ ಹಳೇ ಬಟ್ಟೆಯಿಂದ ನೂಲು ತೆಗೆಯೋದ್ರಲ್ಲಿ ಲೋಕಕ್ಕೇ ಹೆಸರು. ಈ ವಿದ್ಯೆಯ ಮೂಲ ಇಂಗ್ಲೆಂಡಿನ ಬ್ಯಾಟ್ಲಿ ಅನ್ನೋ ಊರು. ಅಲ್ಲಿ 1813ರಲ್ಲಿ ಬೆಂಜಮಿನ್ ಲಾ ಅನ್ನೋನು ಹಳೇ ಉಣ್ಣೆ ಚಿಂದಿ ಹಿಂಜಿ, ಹೊಸ ಉಣ್ಣೆ ಸ್ವಲ್ಪ ಸೇರಿಸಿ ನೂಲು ತೆಗೆದ. ಅದಕ್ಕೆ ‘ಶಾಡಿ’ ಅಂತ ಹೆಸರು. ಆಮೇಲೆ ಇಂಗ್ಲಿಷಿನಲ್ಲಿ ಶಾಡಿ ಅಂದ್ರೆ ಕಳಪೆ ಕೆಲಸ ಅನ್ನೋ ಅರ್ಥ ಬಂತು, ನಮ್ಮಲ್ಲಿ ‘ತೇಪೆ ಹಚ್ಚೋದು’ ಅಂದ್ರೆ ಬೈಗುಳವಾದ ಹಾಗೇ. ತೇಪೆ ಕಾಣದ ಹಾಗೆ ಹಚ್ಚೋಕೆ ಎಂಥ ಕೈ ಬೇಕು ಅಂತ ಹಚ್ಚಿದೋರಿಗೆ ಗೊತ್ತು.

ಚಳಿ ದೇಶಗಳ ಹಳೇ ಸ್ವೆಟರು, ಕೋಟು ಹಡಗಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಬಂದು, ಅಲ್ಲಿಂದ ಪಾಣಿಪತ್ತಿಗೆ. ಅಲ್ಲಿ ಗುಡ್ಡದ ಹಾಗೆ ಬಿದ್ದ ಬಟ್ಟೆಯ ಮಧ್ಯೆ ಹೆಂಗಸರು ನೆಲದ ಮೇಲೆ ಕೂತು, ನಮ್ಮ ಈಳಿಗೆಮಣೆ ಥರ ನಿಲ್ಲಿಸಿದ ಬ್ಲೇಡಿಗೆ ಕೊಟ್ಟು ಗುಂಡಿ, ಜಿಪ್ಪು, ಒಳಬಟ್ಟೆ ಕತ್ತರಿಸಿ ತೆಗೀತಾರೆ. ಕೆಂಪು ಕೆಂಪಿಗೆ, ನೀಲಿ ನೀಲಿಗೆ ಬೇರೆ ಮಾಡ್ತಾರೆ. ಬಣ್ಣ ಬೇರೆ ಮಾಡಿದ್ರೆ ಮತ್ತೆ ಬಣ್ಣ ಹಾಕೋ ಖರ್ಚೂ ಇಲ್ಲ, ಬಣ್ಣದ ನ���ರು ಹೊಳೆ ಸೇರೋದೂ ಇಲ್ಲ. ಆಮೇಲೆ ಮಿಷನ್ನಿಗೆ ಹಾಕಿ ಹಿಂಜಿ, ನೂತು, ನೇಯ್ದ್ರೆ ಕಂಬಳಿ. ನೆರೆ, ಭೂಕಂಪ ಆದಾಗ ಸಂತ್ರಸ್ತರಿಗೆ ಹಂಚೋ ಅಗ್ಗದ ಕಂಬಳಿಗಳು ಬಹಳ ವರ್ಷ ಅಲ್ಲಿಂದಲೇ ಹೋಗಿವೆ. ಹಿಂಜಿದಾಗ ನಾರು ಗಿಡ್ಡ ಆಗುತ್ತೆ, ಹಾಗಾಗಿ ಸ್ವೆಟರು ಮತ್ತೆ ಸ್ವೆಟರ್ ಆಗೋದು ಕಷ್ಟ, ಒಂದು ಮೆಟ್ಟಿಲು ಕೆಳಗಿಳಿದು ಕಂಬಳಿ ಆಗುತ್ತೆ. ಆನಂದ ರಾಜನಿಗೆ ಹೇಳಿದ್ದೂ ಅದನ್ನೇ ಅಲ್ವಾ? ಈಚೆಗೆ ಆ ಕಂಬಳಿಗೂ ಕುತ್ತು ಬಂದಿದೆ. ಹೊಸ ಪಾಲಿಯೆಸ್ಟರಿನ ಮೆತ್ತನೆ ಕಂಬಳಿ ಅಗ್ಗ, ಹಗುರ, ಬಣ್ಣ ಬಣ್ಣದ್ದು ಅಂತ ಜನ ಅದನ್ನೇ ಕೇಳ್ತಾರೆ.

ಆ ಹೆಂಗಸರ ಬಗ್ಗೆ 2012ರಲ್ಲಿ ಮೇಘನಾ ಗುಪ್ತಾ ಅನ್ನೋರು ‘ಅನ್‌ರಾವೆಲ್’ ಅಂತ ಒಂದು ಪುಟ್ಟ ಸಾಕ್ಷ್ಯಚಿತ್ರ ಮಾಡಿದಾರೆ. ಇಷ್ಟು ಒಳ್ಳೇ ಬಟ್ಟೆ ಯಾಕೆ ಬಿಸಾಡ್ತಾರೆ ಅಂತ ಅಲ್ಲಿ ಕೆಲಸ ಮಾಡೋ ಹೆಂಗಸರಿಗೆ ಅರ್ಥವೇ ಆಗಲ್ಲ. ಆ ದೇಶದಲ್ಲಿ ಒಗೆಯೋಕೆ ನೀರು ತುಟ್ಟಿ ಇರಬೇಕು, ಅದಕ್ಕೇ ಒಂದೆರಡು ಸಲ ಹಾಕಿ ಎಸೀತಾರೆ ಅಂತ ಅವರೇ ಒಂದು ಕಾರಣ ಕಟ್ಕೋತಾರೆ. ನೋಡಿ ನಗು ಬಂತು, ಆಮೇಲೆ ನಮ್ಮ ಅಟ್ಟದ ಮೇಲಿನ ಗಂಟುಗಳು ಕಣ್ಣಮುಂದೆ ಬಂದ್ವು. ನಮ್ಮಲ್ಲೇನೂ ನೀರು ಅಷ್ಟು ತುಟ್ಟಿ ಇಲ್ಲವಲ್ಲ!

ಇನ್ನೊಂದು ದಾರಿ ತೋರಿಸಿದ್ದು ‘ಗೂಂಜ್’ ಸಂಸ್ಥೆ. ಅನ್ಶು ಗುಪ್ತಾ 1999ರಲ್ಲಿ ದಿಲ್ಲಿಯಲ್ಲಿ ಶುರು ಮಾಡಿದ್ರು, 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪಟ್ಟಣದ ಹಳೇ ಬಟ್ಟೆಯನ್ನ ಅವರು ದಾನ ಅಂತ ಹಂಚಲ್ಲ. ಹಳ್ಳಿ ಜನ ಸೇರಿ ತಮ್ಮೂರಿಗೆ ಬೇಕಾದ್ದನ್ನ, ಬಾವಿ, ಕಾಲುಸೇತುವೆ, ರಸ್ತೆ ರಿಪೇರಿ, ತಾವೇ ನಿರ್ಧಾರ ಮಾಡಿ ಮುಗಿಸ್ತಾರೆ, ಅದಕ್ಕೆ ಪ್ರತಿಫಲವಾಗಿ ಬಟ್ಟೆ. ಉಡೋಕಾಗದ ನೂಲಿನ ಬಟ್ಟೆಯನ್ನ ಶುದ್ಧ ಮಾಡಿ ಮುಟ್ಟಿನ ಬಟ್ಟೆ ಮಾಡಿ ಕೊಡ್ತಾರೆ. ಮುಟ್ಟಿನ ಬಟ್ಟೆ ಅಂದ್ರೆ ನಾವು ಈಗಲೂ ದನಿ ತಗ್ಗಿಸ್ತೀವಿ. ಹಳೇ ಸೀರೆಯ ಆಯಸ್ಸಿನಲ್ಲಿ ಇದೂ ಒಂದು ಮೆಟ್ಟಿಲು, ನಾನು ಮೊದಲು ಹೇಳಿದ ಪಟ್ಟೀಲಿ ಅದನ್ನ ಸೇರಿಸಲಿಲ್ಲ ನೋಡಿ, ಇಲ್ಲಿಗೆ ಅಂತ್ಲೇ ಇಟ್ಟಿದ್ದೆ. ನಮ್ಮಜ್ಜೀರು ಅದನ್ನ ಯಾರ ಕಣ್ಣಿಗೂ ಬೀಳದ ಹಾಗೆ ಕೊಟ್ಟಿಗೆಯ ಕತ್ತಲೇಲಿ ಒಣಗಿಸ್ತಿದ್ರು. ಬಿಸಿಲು ಕಾಣಿಸಿದ್ರೆ ಎಷ್ಟೋ ಕಾಯಿಲೆ ತಪ್ಪುತಿತ್ತು. ಹಳೇ ಪದ್ಧತೀಲಿ ಬಟ್ಟೆ ಉಳೀತು ಅಂತ ಹೊಗಳುವಾಗ ಆ ಕತ್ತಲೆಯನ್ನೂ ನೆನಪಿಡಬೇಕು.

ಹಾಗಾದ್ರೆ ನಮ್ಮ ಕೈಲಿ ಏನಾಗುತ್ತೆ? ನಾನು ಮಾಡ್ತಿರೋದು ಇಷ್ಟು. ಗಂಟು ಕಟ್ಟೋಕೆ ಮುಂಚೆ ಮೂರು ರಾಶಿ ಹಾಕ್ತೀನಿ: ನೂಲಿನದು, ರೇಷ್ಮೆ, ಮಿಕ್ಕಿದ್ದು. ನೂಲಿನದು ಮನೆ ಬಿಟ್ಟು ಹೋಗಲ್ಲ, ಒರೆಸು, ಸೋಸು, ಚೀಲ, ಕೌದಿ ಅಂತ ಅಲ್ಲೇ ಮುಗಿಯುತ್ತೆ. ರೇಷ್ಮೆಯಲ್ಲಿ ಅಂಚು ಗಟ್ಟಿ ಇದ್ರೆ ಕುಪ್ಪಸಕ್ಕೆ, ಮಕ್ಕಳ ಲಂಗಕ್ಕೆ. ಮಿಕ್ಕಿದ್ದರಲ್ಲಿ ಉಡೋ ಸ್ಥಿತೀಲಿ ಇರೋದನ್ನ ಮಾತ್ರ ಒಗೆದು, ಹೊಲಿಗೆ ಬಿಟ್ಟಿದ್ರೆ ಹಾಕಿ, ಬೇಕಾ ಅಂತ ಕೇಳಿ ಕೊಡೋದು. ಬೇಡ ಅಂದ್ರೆ ಬೇಜಾರಿಲ್ಲ. ಹೊಸದು ಕೊಳ್ಳುವಾಗ, ಇದು ಹಳೇದಾದ ಮೇಲೆ ಏನಾಗುತ್ತೆ ಅಂತ ಒಂದು ನಿಮಿಷ ಯೋಚಿಸಿದ್ರೆ ಅರ್ಧ ಕೊಳ್ಳೋದು ಅಲ್ಲೇ ನಿಲ್ಲುತ್ತೆ. ಮೇಲಿನ ಎಲ್ಲಾ ಉಪಾಯಕ್ಕಿಂತ ಇದು ದೊಡ್ಡದು.

ಕೌದಿ ಬಗ್ಗೆ ಒಂದು ಮಾತು. ಈಗ ಕೌದಿಗೆ ಪೇಟೇಲಿ ಮತ್ತೆ ಬೆಲೆ ಬಂದಿದೆ. ಅಜ್ಜಿ ಹೊಲೀತಿದ್ದಾಗ ಅವಳ ಸೊಂಟ ನೋವಿಗೆ, ಕಣ್ಣು ಮಂಜಾದದ್ದಕ್ಕೆ ಯಾರೂ ಕೂಲಿ ಕಟ್ಟಲಿಲ್ಲ. ಊರಲ್ಲಿ ಯಾರಾದ್ರೂ ಹೊಲೀತೀನಿ ಅಂತ ಬಂದ್ರೆ ‘ಹಳೇ ಬಟ್ಟೆಗೆ ಇಷ್ಟೊಂದಾ’ ಅಂತ ದಯವಿಟ್ಟು ಚೌಕಾಸಿ ಮಾಡ್ಬೇಡಿ. ಬಟ್ಟೆ ಹಳೇದು, ನಿಜ. ಅದರ ಮೇಲೆ ಬೀಳೋ ದಿನಗಟ್ಟಲೆಯ ಕೆಲಸ ಹಳೇದಲ್ಲ. ಹಾಗೆ ಕೂಲಿ ಕೊಟ್ಟರೆ ಮಾತ್ರ ಈ ಸುತ್ತು ಮತ್ತೊಬ್ಬರ ಬಡತನದ ಮೇಲೆ ನಿಲ್ಲದೆ ನಡೆಯುತ್ತೆ.

ನಿಮ್ಮ ಮನೇಲಿ ಹಳೇ ಕೌದಿ ಉಳಿದಿದ್ರೆ ಈ ಬೇಸಿಗೆ ಬಿಸಿಲಿಗೆ ಹಾಕಿ. ಮೇಲಿನ ಸೀರೆ ಹರಿದಾಗ ಅದರ ಮೇಲೇ ಇನ್ನೊಂದು ಮುಚ್ಚಿ ಹೊಲೀತಿದ್ರು, ಹಾಗಾಗಿ ಒಳಗೆ ಹೋದಷ್ಟೂ ಹಳೇ ಕಾಲ. ಹರಿದ ಕಡೆ ಬೆರಳು ಹಾಕಿ ನೋಡಿ, ಎಷ್ಟು ಪದರ ಸಿಗುತ್ತೋ. ಮನೇಲಿ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು, ಇದು ಯಾರ ಸೀರೆ, ಇದು ಯಾರ ಅಂಗಿ, ಹೊಲ್ದೋರು ಯಾರು, ಅವರಿಗೆ ಏನು ಕೊಟ್ರಿ ಅಂತ ಕೇಳಿ ಒಂದು ಹಾಳೇಲಿ ಬರೆದಿಡಿ. ಸಿಕ್ಕಾಗ ನನಗೂ ಹೇಳ್ರಿ.